ಮಾತಿಲ್ಲದ ಮನೆಭೇಟಿಗಳು

ಪ್ರಭುಭೋಜನದ ರೊಟ್ಟಿ ಮುರಿದಾಗಿತ್ತು. ದ್ರಾಕ್ಷಾರಸದ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಾಯಿ ತೆರೆದೆ, ದನಿ ಬರಲಿಲ್ಲ. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಸುಂಯ್ ಎಂದಿತು, ಅಷ್ಟೇ. ಈಸ್ಟರಿಗೆ ಮುಂಚಿನ ಶ್ರಮೆಕಾಲದ ಮೊದಲ ಭಾನುವಾರ ಅದು. ಮುಂದಿನ ಸಾಲಿನ ಹೆಂಗಸರು ಪಾಸ್ಟರಿಗೆ ದುಃಖ ಉಕ್ಕಿ ಬಂತೆಂದು ತಿಳಿದು ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೊಮ್ಮೆ ಪ್ರಯತ್ನಿಸಿದೆ, ಮತ್ತೆ ಸುಂಯ್. ಆಗ ಎಲ್ಲರಿಗೂ ಗೊತ್ತಾಯಿತು. ಆರಾಧನೆಯ ಉಳಿದ ಮಾತುಗಳನ್ನು ಜನರೇ ಹೇಳಿ ಮುಗಿಸಿದರು. ಬಾಯಿಪಾಠ ಇದ್ದವರು ಜೋರಾಗಿ ಹೇಳಿದರು, ಇಲ್ಲದವರು ಅವರ ಹಿಂದೆ ಗುನುಗಿದರು.

ಬೆಟಗೇರಿಯ ನಮ್ಮ ಕ್ರೈಸ್ತ ಸಭೆ ಹಳೆಯದು. ಅದರ ಜೊತೆಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಣ್ಣ ಸಭೆಗಳನ್ನೂ ನಾನೇ ನೋಡಿಕೊಳ್ಳಬೇಕು. ಒಂದೂರಿನಲ್ಲಿ ದೇವವಾಕ್ಯದ ಪ್ರಸಂಗ ಮುಗಿಸಿ ಇನ್ನೊಂದೂರಿನ ಬಸ್ಸು ಹಿಡಿಯುವ ಕೆಲಸ. ನನ್ನ ದನಿಯ ಮೇಲೆ ನನಗೆ ಹೆಮ್ಮೆಯಿತ್ತು, ಸುಳ್ಳು ಯಾಕೆ ಹೇಳಲಿ. “ಕರೆಂಟ್ ಹೋದ್ರೂ ನಮ್ಮ ಪಾಸ್ಟರ್ ದನಿ ಹೋಗಂಗಿಲ್ಲ” ಎಂದು ಜನ ಅನ್ನುವುದನ್ನು ಕೇಳಿ ಕೇಳಿ, ಮೈಕು ಇದ್ದಲ್ಲಿಯೂ ಒದರುತ್ತಿದ್ದೆ.

ಮೊದಲು ನೆಗಡಿ ಎಂದುಕೊಂಡೆವು. ಒಬ್ಬರು ಜ್ಯೇಷ್ಠಮಧು ಕಳಿಸಿದರು, ಇನ್ನೊಬ್ಬರು ಅರಿಶಿನ ಹಾಕಿದ ಹಾಲು, ಮತ್ತೊಬ್ಬರು ಮೆಣಸು-ಕಲ್ಲುಸಕ್ಕರೆ. ಎಲ್ಲವನ್ನೂ ತೆಗೆದುಕೊಂಡೆ, ಎಲ್ಲರಿಗೂ ಪಿಸುಮಾತಿನಲ್ಲಿ ಥ್ಯಾಂಕ್ಸ್ ಹೇಳಿದೆ. ಪಿಸುಗುಡುವುದು ಗಂಟಲಿಗೆ ವಿಶ್ರಾಂತಿ ಎಂದು ನಾನೂ ತಿಳಿದಿದ್ದೆ, ಸಭೆಯೂ ತಿಳಿದಿತ್ತು. ಹೀಗೆ ದಿನಗಳು ಹೋದವು. ಕೊನೆಗೆ ನನ್ನ ಹೆಂಡತಿ ಶಾಲೆಗೆ ರಜೆ ಹಾಕಿ ನನ್ನನ್ನು ಗದಗಿನ ಗಂಟಲು ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಡಾಕ್ಟರು ಗಟ್ಟಿ ಹೆಣ್ಣುಮಗಳು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯಲ್ಲಿ ತೋರಿಸಿದರು. ಬೆಳ್ಳಗಿನ ಎರಡು ಪಟ್ಟಿ, ಅವುಗಳ ಅಂಚಿನಲ್ಲಿ ಜೋಳದ ನುಚ್ಚಿನಷ್ಟು ಗಂಟು. ಇಷ್ಟು ವರ್ಷ ಸಾವಿರಾರು ಜನರಿಗೆ ಕೇಳಿಸಿದ ದನಿ ಇಷ್ಟೇ ಜಾಗದಿಂದ ಹೊರಟದ್ದೇ ಎಂದು ನೋಡುತ್ತ ಕುಳಿತೆ.

“ಪಿಸು ಪಿಸು ಮಾತಾಡಿದ್ರೇನ?” ಎಂದರು.

“ಹೂಂ” ಎಂದು ಪಿಸುಗುಟ್ಟಿದೆ.

“ಅದ ಕೆಟ್ಟದ್ದು ನೋಡ್ರಿ. ಒದರೂದಕ್ಕಿಂತ ಕೆಟ್ಟದ್ದು. ಗಂಟು ತಗೀಬೇಕು. ತಗದ ಮ್ಯಾಲೆ ನಾ ಹೇಳೂತನಕ ಒಂದು ಶಬ್ದ ಬ್ಯಾಡ. ಕೆಮ್ಮು ಬಂದ್ರೂ ನೀರು ಕುಡದು ತಡೀರಿ. ಗಾಯ ನೆಟ್ಟಗ ಆರಲಿಲ್ಲಂದ್ರ ಪ್ರಸಂಗ ಮಾಡೂದು ಮರತ ಬಿಡ್ರಿ.”

ಹುಬ್ಬಳ್ಳಿಯಲ್ಲಿ ಗಂಟು ತೆಗೆದರು. ಬಾಯಿಗೆ ಬೀಗ ಬಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎಂದವನು ಯಾರೋ ಭಾನುವಾರದ ಪ್ರಸಂಗ ಮಾಡಬೇಕಾದವನಲ್ಲ. ದನಿ ಹೋದ ಪಾಸ್ಟರನನ್ನು ಏನು ಮಾಡುತ್ತಾರೆ? ಯಾವುದಾದರೂ ಆಫೀಸಿನ ಮೂಲೆಯಲ್ಲಿ ಕೂರಿಸುತ್ತಾರೆ, ಇಲ್ಲವೇ ಮನೆಗೆ ಕಳಿಸುತ್ತಾರೆ. ನನಗೆ ಬೇರೆ ಕೆಲಸ ಬರುವುದಿಲ್ಲ. ಭಯವಾಗಿತ್ತು, ಆದರೆ ಅದನ್ನೂ ಯಾರಿಗೂ ಹೇಳುವ ಹಾಗಿರಲಿಲ್ಲ.

ಸಭೆಯ ಕಮಿಟಿ ಸೇರಿತು. ಗೋಡೆಗೆ ಒರಗಿ ಕುಳಿತಿದ್ದ ವಯಸ್ಸಾದ ಸದಸ್ಯರೊಬ್ಬರು, “ಕುರುಬಗ ಜಡ್ಡಾದ್ರ ಕುರಿ ಏನ್ ಮಾಡ್ಬೇಕು? ತಾವ ಮೇಯ್ಕೊಂಡು ತಾವ ಹಟ್ಟಿಗೆ ಬರಬೇಕು” ಎಂದರು. ಎಲ್ಲರೂ ನಕ್ಕರು, ಅದೇ ತೀರ್ಮಾನವೂ ಆಯಿತು. ಬ್ಯಾಂಕಿನವರೊಬ್ಬರು ಒಂದು ಭಾನುವಾರ ಪ್ರಸಂಗ ಮಾಡಿದರು, ಒಬ್ಬ ಟೀಚರಮ್ಮ ಇನ್ನೊಂದು ಭಾನುವಾರ. ಶುಭ ಶುಕ್ರವಾರ ಧ್ಯಾನಿಸುವ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಜನ ಈಗಲೇ ಹಂಚಿಕೊಂಡು ತಯಾರಿಗೆ ನಿಂತರು. ನಾನು ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿದೆ. ಅಲ್ಲಿಂದ ನೋಡಿದರೆ ಚರ್ಚು ಬೇರೆಯೇ ಕಾಣುತ್ತಿತ್ತು. ಬಣ್ಣದ ಗಾಜಿನ ಬಿಸಿಲು ನಿಧಾನವಾಗಿ ಜನರ ಬೆನ್ನ ಮೇಲೆ ಸರಿದು ಹೋಗುವುದನ್ನು ಅಲ್ಲಿಯವರೆಗೆ ನಾನು ಕಂಡೇ ಇರಲಿಲ್ಲ. ಆರಾಧನೆ ಮುಗಿದದ್ದೂ ತಿಳಿಯದೆ ಕೂತಿರುತ್ತಿದ್ದೆ.

ದಿನಾ ಒಂದೊಂದು ಮನೆಯಿಂದ ಡಬ್ಬಿ ಬರುತ್ತಿತ್ತು. ಮೆತ್ತಗಿನ ಅನ್ನ, ತಿಳಿಸಾರು, ಗಂಜಿ. ಸಭೆ ತನ್ನ ಕರ್ತವ್ಯವನ್ನು ಚೊಕ್ಕವಾಗಿ ಮಾಡುತ್ತಿತ್ತು. ನನ್ನದು? ಉಣ್ಣುವುದು, ಪಡಸಾಲೆಯಲ್ಲಿ ಬೇವಿನ ಹೂವು ಉದುರುವುದನ್ನು ನೋಡುವುದು, ಹಾಗೆಯೇ ತೂಕಡಿಸುವುದು. ಮಾತು ನಿಂತ ಮೇಲೆ ಎಚ್ಚರಕ್ಕೂ ನಿದ್ದೆಗೂ ನಡುವಿನ ಗೋಡೆ ತೆಳುವಾಗಿತ್ತು. ಉಂಡ ಅನ್ನ ಮಾತ್ರ ಸುಮ್ಮನೆ ಇಳಿಯುತ್ತಿರಲಿಲ್ಲ. ಅದನ್ನು ಫೋನಿನಲ್ಲಿ ಬರೆದು ಹೆಂಡತಿಗೆ ತೋರಿಸಿದೆ. ಅವಳು ಓದಿ, “ಬಾಯಿ ಇಲ್ಲಂದ್ರ ಕಾಲೂ ಇಲ್ಲೇನು? ಮನಿ ಭೇಟಿ ಮಾಡ್ರಿ. ಪಾಸ್ಟರ್ ಬಂದ್ರು ಅನ್ನೂದ ಅರ್ಧಾ ಕೆಲಸ” ಎಂದಳು. ಹಾಗೆ ಮತ್ತೆ ಹೊರಟೆ.

ಮನೆಭೇಟಿಗೊಂದು ಕ್ರಮವಿದೆ. ಹೋಗಿ ಕೂರುವುದು, ಕ್ಷೇಮ ಕೇಳುವುದು, ಬೈಬಲಿನ ಒಂದು ಕೀರ್ತನೆ ಓದುವುದು, ನಂತರ “ಪ್ರಾರ್ಥನೆ ಮಾಡೋಣ” ಎನ್ನುವುದು. ಎಲ್ಲರ ತಲೆ ಬಾಗುತ್ತದೆ, ಆಮೆನ್ ಆಗುತ್ತದೆ, ಚಹಾ ಬರುತ್ತದೆ, ಪಾಸ್ಟರ್ ಚಪ್ಪಲಿ ಹಾಕಿಕೊಳ್ಳುತ್ತಾನೆ. ಆಮೆನ್ ಆದಮೇಲೆ ಹಿಂದಿನ ಮಾತಿಗೆ ಮರಳುವುದು ಮರ್ಯಾದೆಯಲ್ಲ. ಹೀಗಾಗಿ ಮನೆಯಲ್ಲಿ ಯಾರಾದರೂ ಬಿಸಿ ಮಾತು ತೆಗೆದರೆ, ಅತ್ತೆ-ಸೊಸೆಯದೋ ಜಾಗದ್ದೋ, ಆ ಎರಡು ಶಬ್ದ ಬಾಗಿಲಿನ ಚಿಲಕದ ಹಾಗೆ ಕೆಲಸ ಮಾಡುತ್ತವೆ. ಎಷ್ಟೋ ಸಲ ಮನೆಯವರೇ ಅವಸರದಿಂದ, “ಪ್ರಾರ್ಥನಾ ಮಾಡ್ರಿ ಪಾಸ್ಟರ್ರ” ಎನ್ನುತ್ತಾರೆ. ಪಾಸ್ಟರೂ ಜನರೂ ಕೂಡಿ ಕಟ್ಟಿಕೊಂಡ ಅನುಕೂಲ ಅದು. ದನಿ ಇರುವ ತನಕ ನನಗೆ ಅದು ಕಂಡಿರಲಿಲ್ಲ.

ಮೊದಲ ಭೇಟಿ ಶಿರಹಟ್ಟಿಯಲ್ಲಿ, ಒಬ್ಬ ದರ್ಜಿಯ ಮನೆ. ಬರೆದು ತೋರಿಸಲು ಪಾಟಿ-ಬಳಪ ಒಯ್ದಿದ್ದೆ. ‘ಹೇಗಿದ್ದೀರಿ’ ಎಂದು ಬರೆದೆ. ಗಂಡ ಹೆಂಡತಿ ಇಬ್ಬರೂ ಕೋರ್ಟಿನ ತೀರ್ಪು ಓದುವವರ ಹಾಗೆ ಬಾಗಿ ಓದಿ, “ದೇವರ ಕೃಪಾ ಐತ್ರಿ” ಎಂದರು. ಮುಂದೇನು ಬರೆಯಬೇಕೋ ತಿಳಿಯದೆ ಪಾಟಿ ಕೆಳಗಿಟ್ಟೆ. ಸುಮ್ಮನೆ ಕುಳಿತೆವು. ಫ್ಯಾನು ತಿರುಗುತ್ತಿತ್ತು. ಚಹಾ ಬಂತು, ಕುಡಿದೆವು. ಭೇಟಿ ಮುಗಿಯಬೇಕು, ಆದರೆ ಮುಗಿಸುವ ಮಾತು ನನ್ನಲ್ಲಿ ಇರಲಿಲ್ಲ. ಪಾಸ್ಟರ್ ಇದ್ದಾಗ ತಾವು ಪ್ರಾರ್ಥನೆ ಮಾಡುವುದು ಸರಿಯಲ್ಲ ಎಂದು ಅವರೂ ಸುಮ್ಮನಿದ್ದರು. ಎರಡನೆಯ ಸಲ ಚಹಾ ಬಂತು. ಹೊಲಿಗೆ ಮಷೀನಿನ ಮೇಲೆ ಕೈ ಆಡಿಸುತ್ತ ದರ್ಜಿ, ಯಾರಿಗೆ ಹೇಳುತ್ತಿದ್ದೇನೆ ಎಂದು ತನಗೇ ಗೊತ್ತಿಲ್ಲದವನ ಹಾಗೆ, “ಸೂಜ್ಯಾಗ ದಾರಾ ಪೋಣಸಾಕ ಆಗವಲ್ದು. ಕಣ್ಣಿಗೆ ಮಂಜು ಮುಸುಕಿದಂಗ ಆಗೇತಿ. ಯಾರ ಮುಂದೂ ಹೇಳಿಲ್ಲ” ಎಂದ. ಅವನ ಹೆಂಡತಿ ಕಪ್ಪು ಹಿಡಿದುಕೊಂಡೇ ಅವನತ್ತ ತಿರುಗಿದಳು. ನಾನು ಎದ್ದು ಬಂದೆ. ಅವಳು ಅದೇ ವಾರ ಅವನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳೆಂದು ಆಮೇಲೆ ತಿಳಿಯಿತು.

ಮರುದಿನದಿಂದ ಪಾಟಿ ಮನೆಯಲ್ಲೇ ಉಳಿಯಿತು. ಹೋಗುವುದು, ಕೂರುವುದು, ಅಷ್ಟೇ. ಕೆಲವು ಮನೆಗಳಲ್ಲಿ ಏನೂ ಆಗಲಿಲ್ಲ, ಟಿವಿ ನೋಡಿ ಬಂದೆ. ಒಂದು ಮನೆಯಲ್ಲಿ ನಾನು ಹೋಗುವುದನ್ನೇ ಕಾಯ್ದು ಕಾಯ್ದು ಮನೆಯಾತ ನಿದ್ದೆ ಹೋದ. ಇನ್ನು ಕೆಲವು ಮನೆಗಳಲ್ಲಿ, ಮುಗಿಸುವವರಿಲ್ಲದ್ದರಿಂದ, ಮಾತು ತಾನೇ ದಾರಿ ಹುಡುಕಿಕೊಂಡು ಹೊರಗೆ ಬಂತು.

ಮುಂಡರಗಿಗೆ ಹೋದದ್ದು ಒಂದು ಮಧ್ಯಾಹ್ನ. ಕಿಟಕಿಯಾಚೆ ಹತ್ತಿ ಕಿತ್ತು ಬರಿದಾದ ಕರಿ ಹೊಲ, ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು. ರೆಕ್ಕೆಗಳು ತಿರುಗುತ್ತಿದ್ದವು, ಸದ್ದು ಮಾತ್ರ ನಮ್ಮವರೆಗೆ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಕಣ್ಣು ಕೂಡಿ ಹೋಗಿ, ನಾನೇ ಅವುಗಳ ಜೊತೆ ಮೆಲ್ಲಗೆ ತಿರುಗುತ್ತಿದ್ದೇನೆ ಅನಿಸಿತು. ಕಂಡಕ್ಟರ್ ಎಬ್ಬಿಸಿದಾಗ ಊರು ಬಂದಿತ್ತು.

ಅಲ್ಲಿಯ ಸಭೆಯ ಹಿರಿಯರು ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಶಿಸ್ತಿನ ಮನುಷ್ಯ. ಚರ್ಚಿನ ಕೀಲಿಯಿಂದ ಹಿಡಿದು ಸಭೆಯ ಕಟ್ಟಳೆಯವರೆಗೆ ಎಲ್ಲವೂ ಅವರ ಕೈಯಲ್ಲಿ ಭದ್ರ. ಅವರ ತಾಯಿ ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದ ನರ್ಸು. ಈಗ ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು, ಹೃದಯವೂ ಸೋತಿತ್ತು. ನಾನು ಪ್ರತಿ ಸಲ ಹೋದಾಗಲೂ ಆ ತಾಯಿ, “ಲಕ್ಷ್ಮೇಶ್ವರಕ್ಕ ಹೋಗಿದ್ರೇನ್ರಿ ಪಾಸ್ಟರ್ರ?” ಎಂದು ಕೇಳುತ್ತಿದ್ದರು. ಉತ್ತರ ಕೊಡುವ ಮೊದಲೇ ಮಗ, “ಅವ್ವಗ ದಣಿವಾಗೇತಿ, ಪ್ರಾರ್ಥನಾ ಮಾಡ್ರಿ” ಎನ್ನುತ್ತಿದ್ದರು. ನಾನು ಕಣ್ಣು ಮುಚ್ಚುತ್ತಿದ್ದೆ.

ಈ ಸಲವೂ ತಾಯಿ ಅದನ್ನೇ ಕೇಳಿದರು. ಮಗ, “ಪ್ರಾರ್ಥನಾ...” ಎಂದು ಶುರುಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

“ಇವತ್ತ ಯಾರೂ ಕಣ್ಣು ಮುಚ್ಚಂಗಿಲ್ಲ” ಎಂದರು ತಾಯಿ. “ಛಲೋ ಆತು. ಕೂಡ್ರಿ ಪಾಸ್ಟರ್ರ. ನನಗೊಬ್ಬಾಕಿ ತಂಗಿ ಅದಾಳ. ಲಕ್ಷ್ಮೇಶ್ವರದ ಗಾದಿ ಅಂಗಡಿಯವರ ಮನ್ಯಾಗ. ನಮ್ಮಪ್ಪ ಉಪದೇಶಿ ಇದ್ದ, ಊರೂರು ತಿರಗಿ ಬೋಧನಾ ಮಾಡಾವ. ಆಕಿ ಮುಸಲರ ಹುಡುಗನ್ನ ಲಗ್ನಾ ಆದ್ಲು ಅಂತ ಸಭಾದಾಗ ಎದ್ದು ನಿಂತು, ಆಕಿ ನಮ್ಮ ಪಾಲಿಗೆ ಇಲ್ಲ, ನಮ್ಮ ಮಂದಿ ಯಾರೂ ಆಕಿ ಹೊಸ್ತಲಾ ತುಳೀಬಾರ್ದು ಅಂದ. ಪ್ರಾರ್ಥನಾ ಮಾಡಿದಂಗ ಅಂದ. ಮಂದಿ ಎಲ್ಲಾ ಆಮೆನ್ ಅಂದ್ರು. ನಾನೂ ಅಂದೆ.”

ಒಮ್ಮೆ ಉಸಿರು ಎಳೆದುಕೊಂಡು, “ಹಂಗ ಅಂದ ಆಮೆನ್ ಹೊಳ್ಳಿ ತಗೊಳ್ಳೂದು ಹ್ಯಾಂಗ್ರಿ?” ಎಂದರು. “ಆಕೀನ್ನ ಒಮ್ಮೆ ಕಣ್ಣಿಲೆ ನೋಡ್ಬೇಕು. ಇನ್ನ ಭಾಳ ದಿನಾ ನಾ ಇರಂಗಿಲ್ಲ. ನಾನು ನರ್ಸ್, ನನಗ ಗೊತ್ತಾಗತೈತಿ.”

ಮಗ ನನ್ನನ್ನು ಹೊರಗೆ ಕರೆದುಕೊಂಡು ಬಂದರು. ಜೇಬಿನಿಂದ ಪೆನ್ನು, ಒಂದು ಹಾಳೆ ತೆಗೆದು ನನ್ನ ಕೈಗಿಟ್ಟರು.

“ಅಜ್ಜ ಸಭಾದ ಮುಂದ ಆಡಿದ ಮಾತದು. ನಾ ಹಿರಿಯ ಅನಿಸ್ಕೊಂಡು ಅದನ್ನ ಮುರದ್ರ ನಾಳೆ ಮಂದಿಗೆ ಯಾವ ಮಾರಿಲೆ ಬುದ್ಧಿ ಹೇಳ್ಲಿ? ನೀವು ಬರದ್ರ ಅವ್ವ ಕೇಳ್ತಾಳ. ಅದು ಬ್ಯಾಡಮ್ಮಾ ಅಂತ ಬರೀರಿ.”

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. ಸಭೆಗಾಗಿ ಇಡೀ ಬಾಳು ದುಡಿದ ಮನುಷ್ಯ. ಅವರು ನನ್ನಿಂದ ಕೇಳಿದ್ದು ಇದೊಂದೇ. ಪೆನ್ನು ಹಿಡಿದುಕೊಂಡು ನಿಂತೆ. ಮಾತಿದ್ದರೆ ಅತ್ತಲೂ ಇತ್ತಲೂ ಸಲ್ಲುವ ಏನೋ ಒಂದು ಹೇಳಿ ಪಾರಾಗುತ್ತಿದ್ದೆ. ಬರೆಯಬೇಕೆಂದರೆ ಒಂದೋ ಹೌದು, ಒಂದೋ ಅಲ್ಲ. ಪೆನ್ನನ್ನು ಅವರಿಗೇ ಹಿಂದೆ ಕೊಟ್ಟೆ. ಅವರು ಮುಖ ತಿರುಗಿಸಿ, “ಬಸ್ ಟೈಮ್ ಆತು ನಿಮ್ಮದು” ಎಂದರು.

ಮನೆಗೆ ಬಂದು ಎಲ್ಲವನ್ನೂ ಫೋನಿನಲ್ಲಿ ಬರೆದು ಹೆಂಡತಿಗೆ ಕೊಟ್ಟೆ. ಕಮಿಟಿಯ ಮುಂದೆ ಇಡಬೇಕು, ಅದೇ ಕ್ರಮ ಎಂದೂ ಸೇರಿಸಿದ್ದೆ. ಸಭೆ ನನ್ನನ್ನು ನಂಬಿ ಉಣ್ಣಿಸುತ್ತಿದೆ, ಅದನ್ನು ಕೇಳದೆ ಹಿರಿಯರ ಮಾತು ಮೀರಿ ನಡೆಯುವುದು ಸಣ್ಣ ಸಂಗತಿಯಲ್ಲ. ಅವಳು ಕನ್ನಡಕ ತೆಗೆದು, “ಕಮಿಟಿ ಮುಂದ ಇಡ್ರಿ. ಆಕಿ ಮಣ್ಣಾದ ಮ್ಯಾಲೆ ಠರಾವು ಪಾಸ್ ಆಗತೈತಿ” ಎಂದು ಅಡಿಗೆಮನೆಗೆ ಹೋದಳು. ನಾನು ಬೇವಿನ ಮರದ ಕೆಳಗೆ ಕತ್ತಲಾಗುವ ತನಕ ಕೂತೆ. ಕಮಿಟಿಗೆ ನಾನು ಉತ್ತರ ಕೊಡಬಹುದು, ಬೈಸಿಕೊಳ್ಳಬಹುದು. ಆ ತಾಯಿ ಹೋದಮೇಲೆ ಯಾರಿಗೆ ಉತ್ತರ ಕೊಡಲಿ? ಹೋಗುವುದೆಂದು ನಿಶ್ಚಯಿಸಿದೆ.

ಬೆಳಿಗ್ಗೆ ಮುಳಗುಂದದ ಮೇಲೆ ಹೋಗುವ ಬಸ್ಸು ಹಿಡಿದೆ. ಫೋನಿನಲ್ಲಿ ‘ಲಕ್ಷ್ಮೇಶ್ವರ’ ಎಂದು ಬರೆದು ತೋರಿಸಿದ್ದಕ್ಕೆ ಕಂಡಕ್ಟರ್ ನನ್ನ ಕಿವಿಯ ಹತ್ತಿರ ಬಾಗಿ, “ಲಕ್ಷ್ಮೇಶ್ವರಾನಾ? ಇಳಿಯೂ ಮುಂದ ನಾ ಹೇಳ್ತೀನಿ, ಆತಾ?” ಎಂದು ಒದರಿದ. ದನಿ ಹೋದವನಿಗೆ ಕಿವಿಯೂ ಹೋಗಿರುತ್ತದೆಂದು ಲೋಕದ ನಂಬಿಕೆ. ದಾರಿಯಲ್ಲಿ ಇನ್ನೊಂದು ಸಾಲು ಬರೆದಿಟ್ಟುಕೊಂಡೆ: ‘ಮುಂಡರಗಿಯ ನಿಮ್ಮ ಅಕ್ಕ ನಿಮ್ಮನ್ನು ನೋಡಬೇಕು ಅನ್ನುತ್ತಿದ್ದಾರೆ.’ ಇಷ್ಟು ತೋರಿಸಿದರೆ ಆಯಿತು, ಉಳಿದದ್ದು ಅವರಿಗೆ ಬಿಟ್ಟದ್ದು ಎಂದು ಲೆಕ್ಕ ಹಾಕಿದ್ದೆ.

ಗಾದಿ ಅಂಗಡಿ ಬಜಾರಿನ ಹಿಂದಿನ ಓಣಿಯಲ್ಲಿತ್ತು. ಹತ್ತಿ ಹಿಂಜುವ ಮಷೀನು ಓಡುತ್ತಿತ್ತು. ಒಳಗೆಲ್ಲ ಹತ್ತಿಯ ಎಳೆ ತೇಲುತ್ತಿದ್ದವು. ಬಾಗಿಲಿನ ಬಿಸಿಲಿಗೆ ಅವು ಹೊಳೆದು, ಒಳಗೆ ಕಾಲಿಟ್ಟಾಗ ಮೋಡದೊಳಗೆ ಇಳಿದ ಹಾಗಾಯಿತು. ಆ ಬಿಳಿಯ ನಡುವೆ ಸೆರಗು ತಲೆಯ ಮೇಲೆ ಹೊದ್ದ ವಯಸ್ಸಾದ ಹೆಣ್ಣುಮಗಳೊಬ್ಬಳು ಕಾಲು ಚಾಚಿ ಕುಳಿತು, ಗೇಣುದ್ದದ ಸೂಜಿಯಿಂದ ಗಾದಿಗೆ ಟಾಕು ಹಾಕುತ್ತಿದ್ದಳು. ಅಕ್ಕನದೇ ಮೂಗು. ಕೇಳುವ ಅಗತ್ಯವಿರಲಿಲ್ಲ.

ಅವಳು ತಲೆಯೆತ್ತಿದಳು. ನನ್ನ ಬಿಳಿ ಅಂಗಿ, ಕೊರಳಿನ ಪಟ್ಟಿ ನೋಡಿದಳು. ಸೂಜಿ ನಿಂತಿತು. ಮಷೀನಿನ ಹತ್ತಿರವಿದ್ದ ಮಗನಿಗೆ ಕೈ ಮಾಡಿದಳು. ಮಷೀನೂ ನಿಂತಿತು.

“ಯಾವಾಗ?” ಎಂದಳು.

ನನಗೆ ಒಂದು ಕ್ಷಣ ತಿಳಿಯಲಿಲ್ಲ.

“ನಮ್ಮಕ್ಕ ಯಾವಾಗ ಹೋದ್ಲು? ಮಣ್ಣು ಆತೇನು?”

ಆಗ ಹೊಳೆಯಿತು. ಇಷ್ಟು ವರ್ಷ ಈ ಹೊಸ್ತಿಲು ತುಳಿಯದ ಸಭೆಯ ಪಾಸ್ಟರ್, ಬಂದು, ಬಾಯಿ ಬಿಡದೆ ನಿಂತಿದ್ದಾನೆ. ಬೇರೆ ಏನು ತಿಳಿಯಬೇಕು ಅವಳು? ನಾನು ಇಲ್ಲವೆಂದು ಜೋರಾಗಿ ತಲೆ ಅಲ್ಲಾಡಿಸಿದೆ. ಏನೂ ಮಾಡಲಾಗಲಿಲ್ಲ ಎನ್ನುತ್ತಿದ್ದಾನೆ ಎಂದು ತಿಳಿದು ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಫೋನು ಚಾಚಿದೆ. ಅವಳ ಕಣ್ಣು ತುಂಬಿತ್ತು, ಕನ್ನಡಕ ಎಲ್ಲಿಯೋ ಇತ್ತು, ಫೋನನ್ನು ಅತ್ತ ಸರಿಸಿದಳು. ಮಗ ಓಡಿ ಬಂದು ತಾಯಿಯನ್ನು ಹಿಡಿದುಕೊಂಡ. ಅವನಿಗೆ ತೋರಿಸಬೇಕೆಂದರೆ ಅವನು ನನ್ನತ್ತ ನೋಡುತ್ತಲೇ ಇಲ್ಲ. ಅವಳ ಗಂಟಲಿನಿಂದ ಒಂದು ದನಿ ಎದ್ದಿತು. ಅದು ಅಳುವಲ್ಲ, ಅಳುವಿಗಿಂತ ಮೊದಲಿನದು. ಅದನ್ನು ಕೇಳಿಕೊಂಡು ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

“ಅದಾಳ” ಎಂದೆ.

ತುಕ್ಕು ಹಿಡಿದ ತಿರುಗಣಿಯ ಹಾಗೆ ಬಂತು ಆ ಶಬ್ದ. ಗಂಟಲಲ್ಲಿ ಏನೋ ಚುರುಕ್ ಎಂದಿತು. ಎರಡನೆಯ ಶಬ್ದ ಬೇಕೆಂದರೂ ಬರುವಂತಿರಲಿಲ್ಲ.

“ಅದಾಳ?” ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಮಗ ಫೋನು ಇಸಿದುಕೊಂಡು ಬರೆದದ್ದನ್ನು ಗಟ್ಟಿಯಾಗಿ ಓದಿದ. ಮತ್ತೊಮ್ಮೆ ಓದು ಎಂದಳು, ಓದಿದ. ಅಕ್ಕ ಯಾಕೆ ತಾನೇ ಬಂದಿಲ್ಲ ಎಂದು ಕೇಳಿದಳು. ಸೊಂಟದ ಮೇಲೆ ಕೈಯಿಟ್ಟು, ಮಲಗಿದ ಹಾಗೆ ಮಾಡಿ ತೋರಿಸಿದೆ.

“ಹಾಸಿಗಿ ಹಿಡದಾಳಂದ್ರ ಬೆನ್ನಿಗೆ ಹುಣ್ಣಾಗಿರತಾವ” ಎಂದಳು, ಮೂಗು ಒರೆಸಿಕೊಂಡು. “ಎದರ ಮ್ಯಾಲೆ ಮಲಗ್ಯಾಳೋ ಏನೋ. ಜಲ್ದಿ ಮಷೀನ್ ಹಚ್ಚಪಾ. ಗಾದಿ ಅಂಗಡ್ಯಾಕಿ ಬರಿಗೈಲೆ ಹ್ಯಾಂಗ ಹೋಗಲಿ?”

ಮಧ್ಯಾಹ್ನವೆಲ್ಲ ಆ ಗಾದಿ ತಯಾರಾಗುವುದನ್ನು ನೋಡಿದೆ. ಹೊಸ ಹತ್ತಿಯನ್ನೇ ಆರಿಸಿದಳು. ಬೀಜದ ಚೂರು ಉಳಿಯದಂತೆ ಎರಡು ಸಲ ಹಿಂಜಿಸಿದಳು. ಬಟ್ಟೆಯ ಖೋಳಿನೊಳಗೆ ಅದನ್ನು ಸಮನಾಗಿ ಹರಡಿ, ಬೆತ್ತದಿಂದ ಬಡಿದು ಬಡಿದು ಕೂಡಿಸಿದಳು. ಸೊಂಟ ಬರುವ ಕಡೆ ಮುಂಗೈಯಿಂದ ಒತ್ತಿ ನೋಡಿ ಇನ್ನಷ್ಟು ಸೇರಿಸಿದಳು. ಆಮೇಲೆ ಟಾಕು. ಮಸೀದಿಯ ಬಾಂಗು ಕೇಳಿಸಿತು, ಅವಳು ಎದ್ದು ಹೋಗಿ ನಮಾಜು ಮಾಡಿ ಬಂದು ಮತ್ತೆ ಸೂಜಿ ಹಿಡಿದಳು. ನನ್ನ ತಲೆ, ಹುಬ್ಬು, ತೋಳು ಎಲ್ಲ ಬೆಳ್ಳಗಾಗಿತ್ತು. ನಿದ್ದೆಯೋ ಎಚ್ಚರವೋ ಗೊತ್ತಾಗದ ಒಂದು ಸುಖದಲ್ಲಿ, ನನ್ನ ಗಂಟಲು ಕೆಟ್ಟಿತೋ ಉಳಿಯಿತೋ ಎಂಬುದನ್ನೂ ಮರೆತು ಕುಳಿತಿದ್ದೆ.

ಸಣ್ಣ ಗೂಡ್ಸ್ ಗಾಡಿಯಲ್ಲಿ ಮುಂದೆ ತಾಯಿ-ಮಗ, ಹಿಂದೆ ಗಾದಿ, ಗಾದಿಯ ಮೇಲೆ ನಾನು. ಶಿರಹಟ್ಟಿ ದಾಟಿದ ಮೇಲೆ ಕೂತಿರಲಾರದೆ ಮಲಗಿಬಿಟ್ಟೆ. ಮೇಲೆ ಬರೀ ಆಕಾಶ. ಆಗಾಗ ಒಂದು ಬೇವಿನ ಟೊಂಗೆ, ಒಂದು ಗಾಳಿಯಂತ್ರದ ರೆಕ್ಕೆ ಬಂದು ಹೋಗುತ್ತಿತ್ತು. ಪಾಸ್ಟರ್ ಗಾದಿಯ ಮೇಲೆ ಮಲಗಿ ಊರೊಳಗೆ ಬಂದದ್ದನ್ನು ಮುಂಡರಗಿಯ ಜನ ನೋಡಿದರು, ನೋಡಲಿ.

ಹಿರಿಯರು ಬಾಗಿಲಲ್ಲಿಯೇ ಇದ್ದರು. ಗಾಡಿ ನೋಡಿದರು, ನನ್ನನ್ನು ನೋಡಿದರು, ಇಳಿದ ಹೆಣ್ಣುಮಗಳನ್ನು ನೋಡಿದರು. ಮುಖ ಕೆಂಪಾಯಿತು. ಅವಳು ಅಂಗಳದಲ್ಲೇ ನಿಂತಳು.

“ಗಾದಿ ಕೊಟ್ಟು ಹೋಗಾಕ ಬಂದೀನಿ. ಒಳಗ ಕರದ್ರ ಬರ್ತೀನಿ. ಇಲ್ಲಾಂದ್ರ ಇಲ್ಲೇ ಇಟ್ಟು ಹೊಕ್ಕೀನಿ.”

“ಯಾರದು?” ಎಂದು ಒಳಗಿನಿಂದ ತಾಯಿಯ ದನಿ ಬಂತು. ಹಿರಿಯರು ನನ್ನತ್ತ ನೋಡಿದರು. ನಾನು ಏನಾದರೂ ಹೇಳಲಿ, ಬೈಯಲಿಕ್ಕಾದರೂ ಒಂದು ಆಸರೆ ಸಿಗಲಿ ಎಂದು ಕಾಯುತ್ತಿದ್ದರು ಅನಿಸುತ್ತದೆ. ನನ್ನಲ್ಲಿ ಏನೂ ಇರಲಿಲ್ಲ. “ಯಾರ ಬಂದಾರಪಾ?” ಎಂದು ತಾಯಿ ಮತ್ತೆ ಕೇಳಿದರು. ಹಿರಿಯರು ಮೆಲ್ಲಗೆ ಮೆಟ್ಟಿಲಿಳಿದು ಬಂದು ಗಾದಿಯ ಒಂದು ತುದಿ ಹಿಡಿದರು. ಇನ್ನೊಂದು ತುದಿ ಅವಳ ಮಗ ಹಿಡಿದ.

“ಬಾಗಲಾ ತಗ್ಗೈತಿ” ಎಂದರು ಹಿರಿಯರು, ಅವಳತ್ತ ನೋಡದೆ. “ತಲಿ ಬಗ್ಗಿಸ್ರಿ.”

ಹಾಸಿಗೆ ಹಿಡಿದವರ ಕೆಳಗಿನ ಗಾದಿ ಬದಲಿಸುವುದು ಒಬ್ಬರ ಕೆಲಸವಲ್ಲ. ಮೊದಲು ಒಂದು ಮಗ್ಗುಲಿಗೆ ಹೊರಳಿಸಿ ಹಿಡಿಯಬೇಕು, ಹಳೆಯದನ್ನು ಅರ್ಧ ಸುತ್ತಬೇಕು, ಹೊಸದನ್ನು ಅರ್ಧ ಹಾಸಬೇಕು, ಆಮೇಲೆ ಇನ್ನೊಂದು ಮಗ್ಗುಲಿಗೆ. ತಂಗಿ ಹೆಗಲು ಹಿಡಿದಳು, ಹಿರಿಯರು ಸೊಂಟ ಹಿಡಿದರು. “ಮೆತ್ತಗ... ಇತ್ತ ಬರ್ಲಿ... ಹಾಂ, ಹಿಡೀರಿ” ಎನ್ನುತ್ತ ಇಬ್ಬರೂ ಒಂದೇ ಉಸಿರಿನಲ್ಲಿ ಎತ್ತಿ ಇಳಿಸಿದರು. ತಾಯಿ ಹೊಸ ಗಾದಿಯಲ್ಲಿ ಹುದುಗಿ, ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದರು. ನಂತರ ಕೈಯೆತ್ತಿ, ಅವಳ ಹಣೆಯ ಕೂದಲಿಗಂಟಿದ ಹತ್ತಿಯನ್ನು ಒಂದೊಂದೇ ಎಳೆ ಬಿಡಿಸತೊಡಗಿದರು.

“ಏನಲೇ, ಪೂರಾ ಬೆಳ್ಳಗ ಆಗೀಯಲ್ಲ” ಎಂದರು.

“ನೀ ಏನ್ ಕರ್ರಗ ಉಳದೀ?” ಎಂದಳು ತಂಗಿ.

ನಾನು ಗೋಡೆಗೆ ಮುಖ ಮಾಡಿ ಅತ್ತೆ. ಸದ್ದಿಲ್ಲದೆ ಅಳುವುದು ಆಗ ನನಗೆ ರೂಢಿಯಾಗಿತ್ತು.

ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿ ನೋಡಿ, ಗಾಯದ ಒಂದು ಅಂಚು ಒರಟಾಗಿದೆ ಎಂದರು. ಆ ಒಂದು ಶಬ್ದದಿಂದಲೋ, ಮೊದಲಿನ ಪಿಸುಮಾತುಗಳಿಂದಲೋ, ಹೇಳಲಾಗದು. ದನಿ ಬರುತ್ತದೆ, ಮೊದಲಿನಂತೆ ಬರುವುದಿಲ್ಲ. ಹಾಡುವ ಹಾಗಿಲ್ಲ, ಒದರುವ ಹಾಗಂತೂ ಇಲ್ಲವೇ ಇಲ್ಲ. ಕೇಳಿ ಬೇಜಾರಾಯಿತು, ಆಗಲಿಲ್ಲ ಎಂದರೆ ಸುಳ್ಳಾದೀತು.

ಕಮಿಟಿಯಲ್ಲಿ ಕೆಲವರು ಸಿಟ್ಟಾಗಿದ್ದರು. ಸಭೆಯನ್ನು ಕೇಳದೆ ಸಭೆಯ ಕಟ್ಟಳೆ ಮುರಿದದ್ದು ಸರಿಯೇ ಎಂದು ಕೇಳಿದರು. ಕೇಳುವ ಹಕ್ಕು ಅವರದು. ನಾನು ಉತ್ತರ ಬರೆಯಲು ಹಾಳೆ ಎಳೆದುಕೊಂಡಾಗ, ಕುರಿ-ಕುರುಬನ ಮಾತಾಡಿದ್ದ ಹಿರಿಯ ಸದಸ್ಯರು, “ಬಾಯಿ ಬಂದ ಮ್ಯಾಲೆ ಜಗಳಾ ಮಾಡೋಣು, ಈಗ ಮಾಡಿದ್ರ ಒಂದ ಕೈಲೆ ಚಪ್ಪಾಳಿ ಬಡದಂಗ” ಎಂದರು. ಮುಂಡರಗಿಯ ಹಿರಿಯರು ಆ ದಿನ ಒಂದು ಮಾತೂ ಆಡಲಿಲ್ಲ. ನನ್ನ ಪರವೂ ಇಲ್ಲ, ವಿರೋಧವೂ ಇಲ್ಲ. ವಿಷಯ ಕಮಿಟಿಯ ಮುಂದಿನ ಕೂಟಕ್ಕೆ ಹೋಯಿತು.

ಈಸ್ಟರ್ ಕಳೆದು ಬಿಸಿಲು ಬಲಿತ ಮೇಲೆ ಆ ತಾಯಿ ತೀರಿಕೊಂಡರು. ಅಷ್ಟರವರೆಗೆ ತಂಗಿ ಬಂದು ಹೋಗಿ ಮಾಡುತ್ತಿದ್ದಳಂತೆ. ಮಣ್ಣು ಕೊಡುವ ಆರಾಧನೆಗೆ ಡಾಕ್ಟರು ನನಗೆ ಅಪ್ಪಣೆ ಕೊಟ್ಟಿದ್ದರು, ಮೆಲ್ಲಗೆ, ಸ್ವಲ್ಪವೇ ಎಂದು. ಸ್ಮಶಾನದಲ್ಲಿ ಮೈಕು ಇರಲಿಲ್ಲ. ನಾನು ಓದತೊಡಗಿದಾಗ ನನ್ನ ಹೊಸ ದನಿ ಎರಡನೆಯ ಸಾಲಿಗೂ ಮುಟ್ಟಲಿಲ್ಲ. ಹಿಂದೆ ನಿಂತವರು ಒಂದೊಂದೇ ಹೆಜ್ಜೆ ಮುಂದೆ ಬಂದು, ಕೊನೆಗೆ ಎಲ್ಲರೂ ಗುಣಿಯ ಸುತ್ತ ಭುಜಕ್ಕೆ ಭುಜ ತಾಗಿ ನಿಂತರು.

ನಮ್ಮಲ್ಲಿ ಮೊದಲ ಹಿಡಿ ಮಣ್ಣು ಹಿರಿಯ ಮಗನದು. ಮುಂಡರಗಿಯ ಹಿರಿಯರು ಬಾಗಿ ಮಣ್ಣು ಹಿಡಿದರು. ಹಾಕಲಿಲ್ಲ. ಹಿಡಿದ ಮುಷ್ಟಿ ಹಾಗೆಯೇ ಇಟ್ಟುಕೊಂಡು ಜನರ ಮುಖಗಳನ್ನು ಹುಡುಕಿದರು. ಲಕ್ಷ್ಮೇಶ್ವರದ ತಂಗಿ ಅಲ್ಲಿರಲಿಲ್ಲ. ಕಾಂಪೌಂಡಿನ ಗೇಟಿನಾಚೆ, ತನ್ನ ಮಗನ ಪಕ್ಕದಲ್ಲಿ, ಒಳಗೆ ಬರಲು ಅಪ್ಪಣೆಯಿಲ್ಲ ಎಂದು ತಾನೇ ತೀರ್ಮಾನಿಸಿಕೊಂಡು ನಿಂತಿದ್ದಳು. ಹಿರಿಯರು ಕೂಗಬಹುದಿತ್ತು. ಕೂಗಲಿಲ್ಲ. ಇಡೀ ಸಭೆ ನೋಡುತ್ತಿದ್ದ ಹಾಗೆ ಗೇಟಿನವರೆಗೆ ನಡೆದು ಹೋಗಿ, ಮಣ್ಣಿನ ಕೈಯಿಂದಲೇ ಅವಳ ಕೈ ಹಿಡಿದರು.

“ಬಾ ಚಿಗವ್ವಾ” ಎಂದರು. “ನೀ ಹಾಕಿದ ಮ್ಯಾಲೆ ನಾ ಹಾಕ್ತೀನಿ.”

ಜನ ಸರಿದು ದಾರಿ ಬಿಟ್ಟರು.